ಇಲಿಗಳ ಮೇಲಿನ ಹೊಟ್ಟೆಕಿಚ್ಚು

ಲ್ಯಾಬಿನಲ್ಲಿ ಪ್ರಯೋಗಕ್ಕೆ ಇಟ್ಟುಕೊಂಡ ಪ್ರಾಣಿಗಳನ್ನು ನೋವಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ ಯಾರು ಫೋನ್ ಮಾಡಿ ಕೇಳಿದರೂ, ಪುಸ್ತಕ ತಡಕಾಡಿ ಉತ್ತರ ಹೇಳುವುದು ನಮ್ಮ ಯಜಮಾನರ ಕೆಲಸ. ಕಣ್ಣಾರೆ ಕಾಣದ ಇಲಿಗೂ ಇವರ ಕರುಳು ಚುರ್ ಅನ್ನುತ್ತದೆ. ಊಟಕ್ಕೆ ಕೂತರೂ ಅದೇ ಪುರಾಣ: ಇಲಿಗೆ ಮೆತ್ತನೆ ಹಾಸಿಗೆ ಬೇಕು, ಅಡಗಿಕೊಳ್ಳಲು ಗೂಡು ಬೇಕು, ಬಾಲ ಹಿಡಿದು ಎತ್ತಬಾರದು. ನನಗೆ ಸೊಂಟ ಹಿಡಿದುಕೊಂಡು ವಾರವಾಯಿತು, ಹೇಗಿದೆ ಅಂತ ಒಂದು ಮಾತಿಲ್ಲ. ಹೊಟ್ಟೆ ಉರಿಯದೆ ಇನ್ನೇನಾದೀತು?

ನಿನ್ನೆ ತಡೆಯಲಾರದೆ ಅವರ ಆಫೀಸಿಗೇ ಫೋನ್ ಮಾಡಿದೆ.

"ಸಾರ್, ನಮ್ಮಲ್ಲೊಂದು ಹೆಣ್ಣಿಲಿ ಇದೆ. ಮಂಕಾಗಿ ಮೂಲೆ ಹಿಡಿದಿದೆ, ಸರಿಯಾಗಿ ತಿನ್ನಲ್ಲ."

"ಅಯ್ಯೋ ಪಾಪ!" ಅಂದರು. ಆ ಮೆತ್ತನೆಯ ದನಿ ನಾನು ಕೇಳಿದ್ದು ಮದುವೆಯಾದ ಹೊಸತರಲ್ಲಿ. "ಒಂಟಿಯಾಗಿ ಇಟ್ಟಿದ್ದೀರಾ, ಮೇಡಂ?"

ಮೇಡಂ ಅಂತೆ! ಕಟ್ಟಿಕೊಂಡ ಹೆಂಡತಿಯ ದನಿಯೂ ಗುರುತಾಗಲಿಲ್ಲ ಈ ಮಹಾರಾಯರಿಗೆ.

"ಜೊತೆಗೊಂದು ಇದೆ, ಸಾರ್. ಇದರ ಕಡೆ ತಿರುಗಿಯೂ ನೋಡಲ್ಲ."

"ಹಾಗಿದ್ರೆ ಆ ಜೊತೆ ಇದ್ದೂ ದಂಡ, ಮೇಡಂ. ಮೊದಲು ಅದನ್ನ ಹೊರಗೆ ಹಾಕಿ."

ಸಂಜೆ ಬಂದು ಬಾಗಿಲು ಬಡಿಯುತ್ತಲೇ ಇದ್ದರು. ನಾನು ಚಿಲಕ ತೆಗೆಯಲಿಲ್ಲ. ಸಲಹೆ ಅವರದೇ.