ಸೊಳ್ಳೆಗೆ ಕಾಯಿಲೆ ಅಂಟಿಸುವ ಯಜಮಾನರು

ರೇಷ್ಮೆ ಸೀಮೆಯ ವಿಜಯಪುರದ ಹತ್ತಿರದ ಒಂದು ಹಳ್ಳಿಯಲ್ಲಿ ರತ್ನಮ್ಮ ನನ್ನನ್ನು ಬಾಗಿಲಲ್ಲೇ ತಡೆದರು. "ಅಲ್ಲೇ ನಿಂತ್ಕೊಳ್ಳಿ ಸಾರ್. ಇನ್ನೆಷ್ಟು ಹುಳುಮನೆ ತುಳ್ಕೊಂಡು ಬಂದಿದ್ದೀರೋ!"

ಅವರು ಮನೆಯಲ್ಲೇ ರೇಷ್ಮೆ ಹುಳು ಸಾಕಿದ್ದರು. ಹೊರಗಿನವರ ಕಾಲಿಂದ ಹುಳುಗಳಿಗೆ ರೋಗ ಬರುತ್ತದೆಂದು ಹೊಸಿಲ ಬಳಿ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ನೀರು ಇಟ್ಟಿದ್ದರು. ಜ್ವರದ ಮನೆಗಳನ್ನು ಸುತ್ತುವ ಆರೋಗ್ಯ ಕಾರ್ಯಕರ್ತನಾದ ನಾನು ಅದರಲ್ಲಿ ಕಾಲದ್ದಿಯೇ ಒಳಗೆ ಹೋದೆ.

ಲಾರಿ ಓಡಿಸುವ ಅವರ ಯಜಮಾನರು ಕರಾವಳಿ ಕಡೆಯಿಂದ ಮಲೇರಿಯಾ ತಂದಿದ್ದರು. ಮಾತ್ರೆ ಕೊಟ್ಟು, "ಇವರನ್ನ ಸೊಳ್ಳೆ ಪರದೆಯೊಳಗೆ ಮಲಗಿಸಿ" ಅಂದೆ.

"ಕಚ್ಚಿಸ್ಕೊಂಡು ಬಂದೋರಿಗೆ ಇನ್ಯಾಕೆ ಪರದೆ? ನಂಗೂ ಮಕ್ಳಿಗೂ ಕೊಡಿ."

"ಸೊಳ್ಳೆ ಹುಟ್ಟುವಾಗಲೇ ಮಲೇರಿಯಾ ತರಲ್ಲಮ್ಮ. ಇವರನ್ನ ಕಚ್ಚಿದ್ರೆ ಇವರ ರಕ್ತದಿಂದ ಅದಕ್ಕೆ ಹೋಗತ್ತೆ. ಹತ್ತು ಹದಿನೈದು ದಿನ ಬಿಟ್ಟು ಅದು ನಿಮ್ಮನ್ನ ಕಚ್ಚಿದ್ರೆ ನಿಮಗೆ ಬರತ್ತೆ."

"ಅಂದ್ರೆ ನಮ್ಮೆಜಮಾನ್ರೇ ಸೊಳ್ಳೆಗೆ ಕಾಯ್ಲೆ ಅಂಟಿಸ್ತಾರಾ?" ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೊಸಿಲ ಬಳಿಯ ನೀರನ್ನು ನೋಡಿ, "ಓ, ಹಂಗಾ! ಹೊರಗಿನೋರ ಕಾಲಿದ್ದಂಗೆ ಸೊಳ್ಳೆ!" ಅಂದರು. ತರಬೇತಿಯಲ್ಲಿ ಇಷ್ಟು ಅರ್ಥವಾಗಲು ನನಗೆ ಎರಡು ದಿನ ಹಿಡಿದಿತ್ತು.

ವಾರ ಬಿಟ್ಟು ಸಂಜೆ ಹೋದೆ. ನಡುಮನೆಯಲ್ಲಿ, ಹುಳುಗಳಿಗೆ ನೊಣ ಮುತ್ತದಂತೆ ಕಟ್ಟುವ ನೈಲಾನ್ ಪರದೆಯೊಳಗೆ ಯಜಮಾನರು ಕಾಫಿ ಕುಡಿಯುತ್ತಾ ಕೂತಿದ್ದರು. ಜ್ವರ ಬಿಟ್ಟಿತ್ತು, ಹೆಂಡತಿ ಬಿಟ್ಟಿರಲಿಲ್ಲ.

"ಹೇಗಿದ್ದೀರಿ?" ಅಂದೆ.

"ನನ್ ವಿಷ್ಯ ಬಿಡಿ ಸಾರ್, ಈ ಮನೆ ಸೊಳ್ಳೆಗಳನ್ನ ಕೇಳಿ. ನನ್ನಿಂದ ಒಂದಕ್ಕೂ ಏನೂ ಆಗದಂಗೆ ನೋಡ್ಕೊಂಡವ್ಳೆ."