ತಾತ್ಯಾ ತಂದ ನೀಲಿ ಡಬ್ಬಿ

೨೦೨೧ನೆಯ ಇಸವಿ. ನನಗೆ ಆಗ ನಲವತ್ತೊಂಬತ್ತು ವರ್ಷ. ಗಂಟಲಿನ ತೊಂದರೆಯಿಂದಾಗಿ ಕನ್ನಡ ಮಾಸ್ತರಿಕೆಯನ್ನು ಅವಧಿಗೆ ಮುನ್ನವೇ ಬಿಟ್ಟು, ಚಿಕ್ಕೋಡಿಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬೇರೆಯವರ ಪುಸ್ತಕಗಳ ಕರಡು ತಿದ್ದುತ್ತಿದ್ದೆ. ದೀಪಾವಳಿ ಮುಗಿದಿತ್ತು. ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದರೆ, ತಾತ್ಯಾ ನಮ್ಮ ಅಂಗಳದ ನಳದ ಮುಂದೆ ಬಾಗಿ ಕಣ್ಣು ತೊಳೆದುಕೊಳ್ಳುತ್ತಿದ್ದರು. ಮುಖ ತೊಳೆಯುವುದು ಬೇರೆ, ಕಣ್ಣು ತೊಳೆಯುವುದು ಬೇರೆ. ಅವರು ಬೊಗಸೆಯಲ್ಲಿ ನೀರು ಹಿಡಿದು, ಅದರೊಳಗೆ ರೆಪ್ಪೆ ತೆರೆದು, ಒಂದೊಂದೇ ಕಣ್ಣನ್ನು ತೊಳೆಯುತ್ತಿದ್ದರು. ಅನಂತರ ಧೋತರದ ಚುಂಗಿನಿಂದ ಒರೆಸಿಕೊಂಡು, ಹಾಲಿನ ವಾಸನೆಯ ಹಳೆಯ ಟೋಪಿಯನ್ನು ಕಿಸೆಗೆ ಸೇರಿಸಿ, ಮಡಿಕೆ ಮುರಿಯದ ಬಿಳಿಯ ಟೋಪಿಯೊಂದನ್ನು ತಲೆಗೆ ಇಟ್ಟರು. ಗುಡಿಗೆ ಹೋಗುವಾಗಲೂ ಅವರು ಟೋಪಿ ಬದಲಿಸಿದ್ದನ್ನು ನಾನು ಕಂಡವನಲ್ಲ.

"ಮಾಸ್ತರ, ನಿಮ್ಮ ಕಂಪೂಟರ್ ಖಾಲಿ ಐತ್ರೀ? ಒಂದ್ ಸಿನಿಮಾ ನೋಡೂದೈತಿ" ಎಂದು ಬಗಲಿನಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದರು.

ಅವರ ಹೆಸರು ಭೀಮಗೌಡ. ಆ ಹೆಸರಿನಿಂದ ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವರು ತಾತ್ಯಾ. ಮೂಲ ಯಡೂರಿನವರು. ಎರಡು ವರ್ಷದ ಹಿಂದೆ ಕೃಷ್ಣೆ ಮೇಲೆದ್ದು ಅವರ ಮನೆಯನ್ನು ಮಾಳಿಗೆಯವರೆಗೆ ಮುಳುಗಿಸಿದ ಮೇಲೆ, ಎಮ್ಮೆಗಳನ್ನು ಹೊಡೆದುಕೊಂಡು ಬಂದು ನಮ್ಮ ಓಣಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ನಿಂತು, ನಮಗೂ ಹಾಲು ಹಾಕುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಅಕ್ಕಾತಾಯಿ ತೀರಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸುವುದು ಅವರ ರೂಢಿ. ಮೊದಮೊದಲು ನಾನು ತಿದ್ದಲು ನೋಡಿದೆ. "ಹಾಲಿಗೆ ನೀರ ಹಾಕಿದ್ರ ಬೈರಿ ಮಾಸ್ತರ, ಮಾತಿಗೆ ಹಾಕಿದ್ರ ಸುಮ್ಮನಿರ್ರಿ" ಎಂದರು. ಅಂದಿನಿಂದ ಸುಮ್ಮನಿದ್ದೆ.

ಡಬ್ಬಿಯಲ್ಲಿದ್ದುದು ಹಳೆಯ ಮರಾಠಿ ಚಿತ್ರವೊಂದರ ಬ್ಲೂ-ರೇ ಡಿಸ್ಕು. ಆ ಚಿತ್ರದ ಒಂದು ದೃಶ್ಯವನ್ನು ಯಡೂರಿನ ಹೊಳೆಯ ಮೆಟ್ಟಿಲುಗಳ ಮೇಲೆ ತೆಗೆದಿದ್ದರಂತೆ. ಅವರ ಓಣಿಯ ಹೆಂಗಸರಿಗೆ ಕೊಡ ಹೊರಿಸಿ ನಡೆಸಿದ್ದರಂತೆ. ತಾತ್ಯಾ ಆ ದಿನ ಮಿರಜಿನ ದನದ ಪೇಟೆಗೆ ಹೋಗಿದ್ದರು. ಚಿತ್ರ ಟೀವಿಯಲ್ಲಿ ಬರುವ ಹೊತ್ತಿಗೆ ಅಕ್ಕಾತಾಯಿ ಇರಲಿಲ್ಲ. ಆದರೆ ಹಸಿರು ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಕೊಡ ಹೊತ್ತು ಮೆಟ್ಟಿಲು ಹತ್ತುವ ಹೆಂಗಸನ್ನು ಕಂಡೊಡನೆ ತಾತ್ಯಾ ಎದ್ದು ನಿಂತಿದ್ದರು. ಆ ಸೀರೆ ಅವರೇ ಹಬ್ಬಕ್ಕೆಂದು ಆರಿಸಿ ತಂದುಕೊಟ್ಟದ್ದು. ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅಂದಿನಿಂದ ಆ ಚಿತ್ರ ಬಂದಾಗಲೆಲ್ಲ ಯಾರದಾದರೂ ಮನೆಯ ಟೀವಿಯ ಮುಂದೆ ಹೋಗಿ ಕೂರುವುದು, ಆ ಕ್ಷಣಕ್ಕೆ ಎದ್ದು ಕೈಮುಗಿಯುವುದು ನಡೆದುಬಂದಿತ್ತು.

ನನ್ನ ಹೆಂಡತಿ ಶಾರದಾ ಚಹಾ ತಂದವಳು, "ಇಷ್ಟಕ್ಕ ಡಿಸ್ಕ್ ಯಾಕ ತಾತ್ಯಾ? ಮೊಬೈಲ್ನ್ಯಾಗ ಹಚ್ಚಿಕೊಡ್ಲಿ?" ಎಂದಳು.

"ಮೊಬೈಲ್ನ್ಯಾಗ ನೋಡೇನ್ರಿ ತಂಗಿ. ಎಳ್ಳಿನಷ್ಟ ಕಾಣ್ತಾಳ. ದೊಡ್ಡದ ಮಾಡಿದ್ರ ಹಿಟ್ಟ ಕಲಿಸಿದಂಗ ಆಗ್ತೈತಿ. ಇದು ಹಂಗಲ್ಲಂತ. ಕೊಲ್ಲಾಪುರದ ಅಂಗಡ್ಯಾಂವ ಹೇಳ್ಯಾನ, ಇದರಾಗ ಹುಬ್ಬಿನ ಕೂದಲಾ ಎಣಸ್ಬಹುದಂತ." ಚಹಾದ ಬಟ್ಟಲನ್ನು ಕೆಳಗಿಟ್ಟರು. "ಲಗ್ನದ ಫೋಟೋ ಒಂದಿತ್ತು. ಹೊಳಿ ನೀರಾಗ ನೆಂದಿತ್ತು. ಒಣಗಿಸಿ ಫ್ರೇಮಿನ ಕಾಜ ತಗ್ಯಾಕ ಹೋದ್ರ, ನನ್ನ ಮಾರಿ ಕಾಗದದ ಮ್ಯಾಲ ಉಳೀತು, ಆಕೀ ಮಾರಿ ಕಾಜಿಗಿ ಅಂಟ್ಕೊಂಡ ಬಂತು. ತೊಳದ್ರ ಹೋಗ್ತೈತಿ, ಬಿಟ್ರ ಕಾಣಂಗಿಲ್ಲ. ಈಗೀಗ ಕಣ್ಣ ಮುಚ್ಚಿದ್ರ ಸೀರಿ ಕಾಣ್ತೈತ್ರಿ, ಮಾರಿ ಕಾಣವಲ್ದು. ಅದೊಂದ ನೋಡಿ ಇಟ್ಕೋಬೇಕು."



ನಾನು ಡಿಸ್ಕನ್ನು ಕಂಪ್ಯೂಟರಿಗೆ ಕೊಟ್ಟೆ. ಅದು ನುಂಗಿತು, ಗೊರಗೊರ ಸದ್ದು ಮಾಡಿತು, ಹೊರಗೆ ಹಾಕಿತು. ತಾತ್ಯಾ ಒಂದು ಸಿನಿಮಾ ಹಾಡಿನ ಡಿಸ್ಕನ್ನು ನನ್ನ ಕಪಾಟಿನಿಂದ ತೆಗೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ಅಳೆದರು.

"ಗಾಲಿ ಅದ ಅಳತಿ ಐತಿ. ಗಾಡಿ ಯಾಕ ಹೊಂಡವಲ್ದು?"

ಅಳತೆ ಒಂದೇ ಆದರೂ ಒಳಗಿನ ಬರಹ ಬಹಳ ಸಣ್ಣದು, ಅದನ್ನು ಓದಲು ನೀಲಿ ಬೆಳಕಿನ ಬೇರೆ ಯಂತ್ರವೇ ಬೇಕು ಎಂದು ನಾನು ತರಗತಿಯಲ್ಲಿ ಹೇಳುವಂತೆ ಹೇಳಿದೆ. ನಿಪ್ಪಾಣಿಯ ಅಂಗಡಿಯೊಂದಕ್ಕೆ ಹೇಳಿ ಆ ಯಂತ್ರ ತರಿಸಿದ್ದಾಯಿತು. ಹೊರಗಿನಿಂದ ಜೋಡಿಸುವ ಕರಿಯ ಪೆಟ್ಟಿಗೆ ಅದು. ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಯೇ ನಾನು ತಂತಿ ಚುಚ್ಚಿದೆ. ಡಿಸ್ಕಿನ ಹೆಸರು ಪರದೆಯ ಮೇಲೆ ಬಂತು, ಚಿತ್ರ ಬರಲಿಲ್ಲ. ಯಾರೂ ನಕಲು ಮಾಡಬಾರದೆಂದು ಡಿಸ್ಕಿಗೆ ಬೀಗ ಹಾಕಿದ್ದರು. ಬೀಗ ತೆರೆದು ಚಿತ್ರ ಆಡಿಸುವ ತಂತ್ರಾಂಶವನ್ನು ಕೊಂಡು ಹಾಕಿದೆ. ಈಗ ಬೇರೆಯ ತಕರಾರು: ಕಂಪ್ಯೂಟರು, ಪರದೆ, ನಡುವಿನ ತಂತಿ, ಈ ಮೂರೂ ಆ ಬೀಗವನ್ನು ಬಲ್ಲವಾಗಿರಬೇಕಂತೆ. ನನ್ನ ಹಳೆಯ ಪರದೆಗಾಗಲಿ ಅದರ ತಂತಿಗಾಗಲಿ ಆ ಜ್ಞಾನವಿರಲಿಲ್ಲ. ಪರದೆ ಕಪ್ಪಾಗಿಯೇ ನಿಂತಿತು. ಪ್ರತಿ ಸಲವೂ ತಾತ್ಯಾ ನಳದಲ್ಲಿ ಕಣ್ಣು ತೊಳೆದು, ಹೊಸ ಟೋಪಿ ಇಟ್ಟು ಬಂದು ಕೂರುತ್ತಿದ್ದರು. ಕಪ್ಪು ಪರದೆಯನ್ನು ಅಷ್ಟು ಹೊತ್ತು ನೋಡಿ, ಟೋಪಿ ಬದಲಿಸಿಕೊಂಡು ಎಮ್ಮೆಯ ಕಡೆಗೆ ಹೋಗುತ್ತಿದ್ದರು.

ನಾನು ಸಿಡಿಮಿಡಿಗೊಂಡರೆ ಅವರೇ ಸಮಾಧಾನ ಹೇಳುವರು. "ಗಡಬಡ ಮಾಡಬ್ಯಾಡ್ರಿ ಮಾಸ್ತರ. ಎಮ್ಮಿ ತೊರಿ ಬಿಡೂತನಾ ಕುಂಡ್ರಬೇಕು. ಮೊಲಿ ಜಗ್ಗಿದ್ರ ಹಾಲ ಬರೂದಿಲ್ಲ, ಒದಿ ಬರ್ತಾವು."

ಬೀಗದ ಸಂಗತಿ ಮಾತ್ರ ಅವರಿಗೆ ಚೆನ್ನಾಗಿ ಹಿಡಿಸಿತ್ತು. ಒಳಗೆ ಹಾಲಿದೆ, ಗುರುತಿನವರು ಬಂದರೆ ಮಾತ್ರ ಕೊಡುತ್ತದೆ. ಇದರಲ್ಲಿ ತಿಳಿಯದ್ದೇನಿದೆ ಎಂಬಂತೆ ಅವರು ತಮ್ಮ ಕಥೆ ಹೇಳಿದರು. ಅಕ್ಕಾತಾಯಿ ಸತ್ತಾಗ ಮನೆಯಲ್ಲಿದ್ದ ಎಮ್ಮೆ ಅವಳ ಕೈಯದು. ತಾತ್ಯಾ ಕೂತರೆ ಹಾಲು ಕಟ್ಟಿಹಿಡಿಯುತ್ತಿತ್ತು. ಕೆಚ್ಚಲು ಬಾತು ಎಮ್ಮೆ ನರಳತೊಡಗಿದಾಗ, ನಮ್ಮ ಕಡೆಯ ರೈತರೆಲ್ಲ ಬಲ್ಲ ಉಪಾಯವನ್ನೇ ಮಾಡಿದರು: ಹೆಂಡತಿಯ ಸೀರೆಯನ್ನು ತಾವು ಸುತ್ತಿಕೊಂಡು, ಸೆರಗು ಹೊದ್ದು, ಕುಕ್ಕರಗಾಲಲ್ಲಿ ಕೂತರು. ಹಬ್ಬಕ್ಕೆ ತಂದ ಆ ಹಸಿರು ಸೀರೆಯನ್ನು ಕಡೆಯ ವರ್ಷ ಅವಳು ಕೊಟ್ಟಿಗೆಯ ಕೆಲಸಕ್ಕೂ ಉಡುತ್ತಿದ್ದಳು. ಎಮ್ಮೆ ತಿರುಗಿ ಮೂಸಿ ನೋಡಿ, ತೊರೆ ಬಿಟ್ಟಿತು.

"ಊರ ಮಂದಿ ನಗತಿದ್ರು. 'ತಾತ್ಯಾಬಾಯಿ, ಕುಂಕುಮಾ ಹಚ್ಚಲ್ಯಾ?' ಅಂತಿದ್ರು. ನಗಲಿ ಅಂದ್ನಿ. ಆ ಎಮ್ಮಿ ಇರೂತನಾ ಉಟ್ಕೊಂಡ ಕುಂತೇನಿ. ಸೀರಿ ಹರದು ಚಿಂದಿ ಚಿಂದಿ ಆತು."

ಕಡೆಗೆ ದಾರಿ ಸಿಕ್ಕಿದ್ದು ನಮ್ಮ ನಡುಮನೆಯಲ್ಲಿಯೇ. ಗೋಡೆಯ ಮೇಲಿನ ಹೊಸ ಟೀವಿಗೆ ಆ ಬೀಗ ಗೊತ್ತಿತ್ತು. ಕಂಪ್ಯೂಟರನ್ನೇ ಎತ್ತಿ ಅಲ್ಲಿಗೆ ಒಯ್ದು, ಅಗಲ ಮೂತಿಯ ತಂತಿಯಿಂದ ಎರಡನ್ನೂ ಕೂಡಿಸಿದರೆ ಕೆಲಸವಾಗುತ್ತದೆ ಎಂದು ಖಾತ್ರಿ ಮಾಡಿಕೊಂಡೆ. "ನನ್ನ ಧಾರಾವಾಹಿ ತಪ್ಪಿದ್ರ ತಾತ್ಯಾರ ಎಮ್ಮಿಗೆ ಹೇಳಿ ನಿಮ್ಮ ಚಹಾ ಬಂದ್ ಮಾಡಸ್ತೀನಿ" ಎಂದಳು ಶಾರದಾ. ಎಂದವಳೇ ಮೇಜನ್ನು ಒರೆಸಿ ಜಾಗ ಮಾಡಿಕೊಟ್ಟಳು.

ಫೆಬ್ರವರಿಯ ಮೊದಲ ವಾರದ ಒಂದು ಮಧ್ಯಾಹ್ನ ಪರದೆ ಬೆಳಗಿತು. ಹೊಳೆ ಬಂತು. ನಾನು ಅನೇಕ ಸಲ ಮಿಂದ ಹೊಳೆಯೇ. ಆದರೆ ಮೆಟ್ಟಿಲ ಮೇಲಿನ ಪಾಚಿಯ ಎಳೆ, ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಅರಿಸಿನದ ಚೂರು, ನೀರಿನಲ್ಲಿ ಮುರಿದು ಕೂಡುವ ಬಿಸಿಲು ಇವನ್ನೆಲ್ಲ ನಾನು ಆ ದಿನವೇ ಕಂಡದ್ದು. ತಾತ್ಯಾ ಕುರ್ಚಿಯ ತುದಿಗೆ ಸರಿದರು. ಕೊಡ ಹೊತ್ತವರ ಸಾಲು ಬಂತು. ಹಸಿರು ಸೀರೆ ಬಂದೊಡನೆ ಎದ್ದು ನಿಂತು ಕೈ ಎತ್ತಿದರು. ನಾನು ಚಿತ್ರವನ್ನು ನಿಲ್ಲಿಸಿದೆ.

ಎತ್ತಿದ ಕೈಗಳು ಕೂಡಲಿಲ್ಲ. ಅವರು ಟೀವಿಯ ಹತ್ತಿರಕ್ಕೆ ಹೋದರು. ಸೆರಗಿನೊಳಗಿನ ಮುಖ ಸ್ಪಷ್ಟವಾಗಿತ್ತು: ಅಗಲವಾದ ಮೂಗು, ದೊಡ್ಡ ನತ್ತು, ನಗುವಿನಲ್ಲಿ ಮುಂದಿನ ಹಲ್ಲುಗಳ ನಡುವೆ ಕಾಣುವ ಸಂದು.

"ಇದು ಹೌಸಾಬಾಯಿ" ಎಂದರು ತಾತ್ಯಾ.

ಹೌಸಾಬಾಯಿ ಯಡೂರಿನಲ್ಲಿ ಅವರ ಪಕ್ಕದ ಮನೆಯವರು. ಬಡತನದ ಸಂಸಾರ. ಚಿತ್ರದವರು ಒಳ್ಳೆಯ ಸೀರೆ ಉಟ್ಟವರನ್ನೇ ಆರಿಸಿರಬೇಕು. ಉಡಲು ಇಲ್ಲದ ಗೆಳತಿಗೆ ಅಕ್ಕಾತಾಯಿ, ಗಂಡನಿಗೂ ಹೇಳದೆ, ತನ್ನದನ್ನು ಉಡಿಸಿ ಕಳಿಸಿರಬೇಕು. ಶಾರದಾ ಬಾಗಿಲಲ್ಲಿ ನಿಂತಿದ್ದಳು. ತಾತ್ಯಾ ಹಿಂದೆ ಬಂದು ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಎಮ್ಮೀನೂ ಸೀರಿ ನೋಡಿ ಮೋಸ ಹೋತು ಮಾಸ್ತರ, ನಾನೂ ಹೋದ್ನಿ. ಅದಕ್ಕರ ಬುದ್ಧಿ ಇರಲಿಲ್ಲ."

ನಾನು ಯಂತ್ರ ಬಂದ್ ಮಾಡಲು ಹೋದೆ. ಅವರು ಕೈ ಅಡ್ಡ ಮಾಡಿದರು. "ತಡೀರಿ. ಕೊಟ್ಟ ಸೀರಿ ಹೆಂಗ ಕಾಣ್ತೈತಿ ಅಂತ ನೋಡ್ದ ಬಿಡೂ ಹೆಂಗಸಲ್ಲ ಆಕಿ. ಅಲ್ಲೇ ಎಲ್ಯಾರ ನಿಂತಿರ್ತಾಳ. ಸಾವಕಾಶ ನಡಸ್ರಿ."

ನಾನು ದೃಶ್ಯವನ್ನು ಹಿಂದಕ್ಕೆ ಒಯ್ದು, ಒಂದೊಂದೇ ಚಿತ್ರವಾಗಿ ಮುಂದಕ್ಕೆ ಬಿಟ್ಟೆ. ಸಿನಿಮಾದ ಚಿತ್ರ ಅಗಲವಾದದ್ದು. ಹಳೆಯ ಟೀವಿಯ ಚೌಕಕ್ಕೆ ಹೊಂದಿಸಲು ಅದರ ಎರಡೂ ಪಕ್ಕಗಳನ್ನು ಕತ್ತರಿಸಿಯೇ ಪ್ರಸಾರ ಮಾಡುತ್ತಿದ್ದರು. ಡಿಸ್ಕಿನಲ್ಲಿ ಆ ಪಕ್ಕಗಳು ಹಾಗೆಯೇ ಉಳಿದಿದ್ದವು. ಇಷ್ಟು ವರ್ಷ ತಾತ್ಯಾ ಕೈಮುಗಿದ ಚಿತ್ರದಲ್ಲಿ ಇಲ್ಲವೇ ಇಲ್ಲದ ಎಡ ಅಂಚಿನಲ್ಲಿ, ಮೆಟ್ಟಿಲಿನ ಬದಿಯ ಕಟ್ಟೆಗೆ ಒರಗಿ, ಮಾಸಿದ ಸೀರೆಯ ಹೆಂಗಸೊಬ್ಬಳು ಕೂಸನ್ನು ಬಗಲಲ್ಲಿ ಹೊತ್ತು ನಿಂತಿದ್ದಳು. ಗದ್ದದ ಮೇಲೆ ಹಚ್ಚೆಯ ಚುಕ್ಕೆ. ಕ್ಯಾಮೆರಾದ ಕಡೆಗೆ ಅವಳ ಲಕ್ಷ್ಯವಿರಲಿಲ್ಲ. ಹತ್ತಿ ಹೋಗುತ್ತಿದ್ದ ಹಸಿರು ಸೀರೆಯನ್ನು ನೋಡಿ ಬಾಯ್ತುಂಬ ನಗುತ್ತಿದ್ದಳು.

ತಾತ್ಯಾ ಬಹಳ ಹೊತ್ತು ನೋಡಿದರು. ಕೈಮುಗಿಯಲಿಲ್ಲ.

"ಆಕೀನ ಅನಸ್ತೈತಿ" ಎಂದರು ಕೊನೆಗೆ. "ಆದ್ರ ಒಮ್ಮಿ ಮೋಸ ಹೋದ ಕಣ್ಣು ಇವು. ಇವ್ನ ನಂಬೂದ ಬ್ಯಾಡ. ಹೌಸಾಬಾಯಿ ಬಂದು ಹೇಳ್ಲಿ."

ಆ ಚಿತ್ರವನ್ನು ಮುದ್ರಿಸಿ ಕೊಡಲೇ ಎಂದು ಕೇಳಿದೆ. ಬೇಡವೆಂದರು. ತಪ್ಪು ಮುಖಕ್ಕೆ ಇನ್ನೊಮ್ಮೆ ಕೈಮುಗಿಯುವುದು ಅವರಿಗೆ ಬೇಕಿರಲಿಲ್ಲ. ಹೌಸಾಬಾಯಿಗೆ ಹೇಳಿ ಕಳಿಸಿದರು. ಆಕೆ ಬರುವವರೆಗೆ ಅವರು ಹಾಲು ಹಾಕಿ ಹೋಗುವಾಗ ನಡುಮನೆಯ ಕಡೆಗೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಹೌಸಾಬಾಯಿ ಒಂದು ಭಾನುವಾರ ಯಡೂರಿನ ಬಸ್ಸಿನಲ್ಲಿ ಬಂದರು. ಅರವತ್ತು ದಾಟಿದ ಹೆಂಗಸು. ಹಲ್ಲಿನ ಸಂದು ಹಾಗೆಯೇ ಇತ್ತು. ಮೊದಲು ಹಸಿರು ಸೀರೆಯ ಚಿತ್ರ ಬಂತು. ತಾತ್ಯಾ ಹೌಸಾಬಾಯಿಯ ಕಡೆಗೆ ತಿರುಗಿದರು.

"ನಿನಗ ಗೊತ್ತಿತ್ತೇನವಾ, ಇದು ನೀನ ಅಂತ?"

"ಗೊತ್ತಿತ್ರಿ ದಾದಾ."

"ಮತ್ತ ಯಾಕ ಹೇಳಲಿಲ್ಲ?"

ಹೌಸಾಬಾಯಿ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಹೆಂಗ ಹೇಳ್ಲಿ? ಹೇಳೂದಕ್ಕ ಬಾಯಿ ತಗೀಬೇಕನ್ನೂದ್ರಾಗ ನೀವು ಎದ್ದ ನಿಂತು ಟೀವಿಗೆ ಕೈ ಮುಗದ್ರಿ. ಆಮ್ಯಾಲ ಆ ಸಿನಿಮಾ ಬಂದಾಗೊಮ್ಮೆ ನಾ ಬಾಗಲಾ ಹಾಕ್ಕೊಂಡ ಒಳಗ ಕುಂದರತಿದ್ನಿ. ಅಕ್ಕಾನ ಪೂಜಿ ನಾ ತಗೊಂಡಂಗ ಆಗ್ತಿತ್ತು."

ತಾತ್ಯಾ ನನ್ನ ಕಡೆಗೆ ತಿರುಗಿ ಕೈಸನ್ನೆ ಮಾಡಿದರು. ನಾನು ಎಡ ಅಂಚಿನ ಚಿತ್ರವನ್ನು ತಂದು ನಿಲ್ಲಿಸಿದೆ. ಹೌಸಾಬಾಯಿ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟದ್ದು ಹೆಂಗಸಿನ ಮೇಲಲ್ಲ, ಕೂಸಿನ ತಲೆಯ ಮೇಲಿನ ಕುಂಚಿಗೆಯ ಮೇಲೆ.

"ಈ ಕುಂಚಿಗಿ ನಾ ಹೊಲದದ್ದು. ಕೆಂಪು ಖಣದ ತುಂಡು, ಅಂಚಿಗೆ ಕರೀ ಮಣಿ. ನನ್ನ ಮಗಾ ಇಂವ. 'ಕೊಡಾ ಹೊತ್ತ ಬರೂತನಾ ನಾ ಹಿಡೀತೀನಿ, ಹೋಗ' ಅಂದಿದ್ಲು ಅಕ್ಕಾ. ಆಕೀನ ದಾದಾ. ಖರೇ ಆಕೀನ."

ಆಗ ತಾತ್ಯಾ ಎದ್ದರು. ಅಂಗಳಕ್ಕೆ ಹೋಗಿ ನಳದಲ್ಲಿ ಇನ್ನೊಮ್ಮೆ ಕಣ್ಣು ತೊಳೆದುಕೊಂಡು ಬಂದರು. ಪರದೆಯ ಮುಂದೆ ನಿಂತು ಕೈಮುಗಿದರು. ಮುಗಿದ ಕೈಯನ್ನು ಇಳಿಸದೆ ಹೌಸಾಬಾಯಿಯ ಕಡೆಗೂ ಒಮ್ಮೆ ತಿರುಗಿದರು. "ಹಿಂಗ್ಯಾಕ ಮಾಡ್ತೀರಿ ದಾದಾ" ಎಂದು ಆಕೆ ಹಿಂದೆ ಸರಿದರು.

ಹೊರಡುವಾಗ ನಾನು ನೀಲಿ ಡಬ್ಬಿಯನ್ನು ಚಾಚಿದೆ. "ನಿಮ್ಮಲ್ಲೇ ಇರ್ಲಿ ಮಾಸ್ತರ. ನನಗ ಇನ್ನ ಬೇಕಾಗೂದಿಲ್ಲ. ಈಗ ಕಣ್ಣ ಮುಚ್ಚಿದ್ರ ನಗತಾಳ" ಎಂದರು. ಆಮೇಲೆ ಅವರು ಆ ಚಿತ್ರವನ್ನು ಕೇಳಿದ್ದಿಲ್ಲ. ಮರು ವರ್ಷದ ಮಳೆಗಾಲದಲ್ಲಿ, ಎಮ್ಮೆಗೆ ಮೇವು ಹಾಕಿ ಬಂದು ಮಲಗಿದವರು ಏಳಲಿಲ್ಲ. ಶೆಡ್ಡಿನ ಗೂಟಕ್ಕೆ ಎರಡು ಟೋಪಿಗಳು ತೂಗುತ್ತಿದ್ದವು. ಮಡಿಕೆ ಮುರಿಯದ್ದನ್ನು ಹೌಸಾಬಾಯಿ ತಾತ್ಯಾರ ತಲೆಗೆ ಇಟ್ಟರು.

ಈಗ ಬರುವ ಕಂಪ್ಯೂಟರುಗಳಿಗೆ ಡಿಸ್ಕು ನುಂಗುವ ಬಾಯಿಯೇ ಇಲ್ಲ. ಕರಿಯ ಪೆಟ್ಟಿಗೆಯನ್ನೂ ಅಗಲ ಮೂತಿಯ ತಂತಿಯನ್ನೂ ನೀಲಿ ಡಬ್ಬಿಯ ಜೊತೆಯಲ್ಲಿಯೇ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲವೆಂಬುದನ್ನು ನಾನು ಕಲಿತಿದ್ದೇನೆ. ತಾತ್ಯಾ ಯಾವಾಗ ತೀರಿಕೊಂಡರು ಎಂದು ಯಾರಾದರೂ ಕೇಳಿದರೆ ನಾನು ಶಾರದೆಯನ್ನು ಕೇಳಿ ಹೇಳಬೇಕು. ಆದರೆ ಅಕ್ಕಾತಾಯಿಯ ಮುಖ ಇಂಥದೇ ಎಂದು ನಿಶ್ಚಯವಾದ ದಿನವನ್ನು ಯಾರನ್ನೂ ಕೇಳಬೇಕಾಗಿಲ್ಲ: ೨೦೨೨ನೆಯ ಇಸವಿ, ಫೆಬ್ರವರಿ ತಿಂಗಳ ೨೦ನೆಯ ತಾರೀಖು, ಭಾನುವಾರ.