ಹಗಲಿನ ಆನೆ

ಮೈಸೂರಿನ ಕಣ್ಣಿನ ಡಾಕ್ಟರ ಬಳಿ ಆವತ್ತು ನಮ್ಮನ್ನು ಮೂರು ಗಂಟೆ ಹೊತ್ತು ಕಾಯಿಸಿದ್ದರು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಚೀಟಿ ಕೊಡುವ ಹುಡುಗಿಯ ಹತ್ತಿರ ಎರಡು ಸಲ ಜಗಳವಾಡಿ ಬಂದು ಕುಳಿತಿದ್ದೆ. ಅವ್ವ ಮಾತ್ರ ಹುಣಸೂರಿನ ಬಸ್ಸಿಗೆ ಕಾಯುವವಳ ಹಾಗೆ ಎಲೆ ಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಆರಾಮಾಗಿದ್ದಳು. ಹೊತ್ತು ಹೋಗದೆ ಮೇಜಿನ ಮೇಲಿದ್ದ ಇಂಗ್ಲಿಷ್ ಪತ್ರಿಕೆಯೊಂದನ್ನು ತಿರುವಿದೆ. ಏಷ್ಯಾ ಖಂಡದಲ್ಲಿ ಕಾಡುಪ್ರಾಣಿ, ಹಕ್ಕಿ ನೋಡುವುದಕ್ಕೆ ಹೋಗಲೇಬೇಕಾದ ಜಾಗಗಳು ಅಂತ ಒಂದು ಲೇಖನ. ಯಾವ್ಯಾವುದೋ ದ್ವೀಪ, ಯಾವ್ಯಾವುದೋ ಹಿಮದ ಬೆಟ್ಟ, ಅವುಗಳ ನಡುವೆ ನಾಗರಹೊಳೆ! ಪಕ್ಕದಲ್ಲಿ ಪುಟದ ತುಂಬ ಒಂದು ಚಿತ್ರ. ನಿಚ್ಚಳ ಬಿಸಿಲು, ಹಸಿರು ಹುಲ್ಲು, ಮರಿಗಳ ಸಮೇತ ಒಂದು ಆನೆ ಹಿಂಡು.

"ನೋಡವ್ವ, ನಮ್ಮ ಕಾಡು. ಇದನ್ನ ನೋಡಕ್ಕೆ ಜನ ವಿಮಾನ ಹತ್ಕೊಂಡು ಬರ್ತಾರಂತೆ" ಎಂದೆ.

ಅವ್ವ ಪುಟವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಓರೆ ಮಾಡಿದಳು.

"ನಮ್ ಒಲಕ್ಕೆ ಬತ್ತಾವಲ್ಲ, ಅವೇನಾ ಇವು?"

"ಅವೇ ಇರಬಹುದು."

"ನಾನು ಒಂದ್ ದಪಾನೂ ಪೂರಾ ನೋಡ್ನಿಲ್ಲ ಕಣ್ ಮಗಾ" ಎಂದಳು.

ಒಳಗೆ ಡಾಕ್ಟರು, ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದು ಬೇಗ ಹೋಗದ ಹಾಗೆ ದಿನಾ ಔಷಧಿ ಬಿಡಬೇಕು ಎಂದರು. ನಾನು ಅಲ್ಲೇ ಅತ್ತೆ. ಅವ್ವ ಅಳಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು, "ಕಣ್ಣು ಓಗಕ್ ಮುಂಚೆ ಆನೇನ ಒಂದ್ ದಪ ಅಗಲೊತ್ನಲ್ಲಿ ನೋಡ್ಬೇಕು ಕಣವ್ವ. ಅದ್ರ ಜಾಗ್ದಲ್ಲೇ ನೋಡ್ಬೇಕು" ಎಂದಳು. ಕಾಶಿ ಕೇಳಲಿಲ್ಲ, ತಿರುಪತಿ ಕೇಳಲಿಲ್ಲ. ನನಗೆ ಅಳುವಿನ ನಡುವೆಯೇ ನಗು ಬಂತು.

ವೀರನಹೊಸಹಳ್ಳಿಗೆ ಹತ್ತಿರದ ನಮ್ಮ ಊರಿನ ಹೊಲಗಳು ಕಾಡಂಚಿಗೇ ಹೋಗಿ ನಿಲ್ಲುತ್ತಿದ್ದವು. ಅಂಥ ಕಡೆ ಹುಟ್ಟಿ ಬೆಳೆದ ಹೆಂಗಸು ಆನೆ ನೋಡಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ನಿಜ. ಅಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಸೌದೆ ಒಡ್ಡುತ್ತ ಕೂತರೆ, ತೆನೆ ಬಂದ ರಾಗಿ ಕಾಯುವುದು ಅವ್ವನ ಪಾಲು. ಮರದ ಮೇಲಿನ ಅಟ್ಟಣೆಯಲ್ಲಿ ಒಂದು ಹಳೇ ತಗಡಿನ ಡಬ್ಬ, ಒಂದು ಕೋಲು, ಒಂದು ಕಂಬಳಿ. ಆನೆ ಬರುತ್ತಿದ್ದದ್ದು ಕತ್ತಲಾದ ಮೇಲೆ, ಹೋಗುತ್ತಿದ್ದದ್ದು ಬೆಳಕು ಹರಿಯುವ ಮುಂಚೆ. ಅವ್ವನಿಗೆ ಗೊತ್ತಿದ್ದ ಆನೆ ಎಂದರೆ ಒಂದು ಸದ್ದು. ರಾಗಿ ಬುಡವನ್ನು ಸೊಂಡಿಲಿನಲ್ಲಿ ಸುತ್ತಿ ಪರಕ್ಕನೆ ಕಿತ್ತು, ಮಣ್ಣು ಉದುರಲಿ ಅಂತ ಮುಂಗಾಲಿಗೆ ಬಡಿಯುವ ಸದ್ದು. ಅದು ಕಿವಿಗೆ ಬಿದ್ದದ್ದೇ ತಡ, ಡಬ್ಬ ಬಾರಿಸುತ್ತ ಎದ್ದು ನಿಂತು ಕೂಗುತ್ತಿದ್ದಳು, "ಓಯ್! ನಡೀರಪ್ಪೋ... ನಡೀರಿ ಸ್ವಾಮಿ, ನಡೀರಿ!" ಬೈಗುಳ ಇಲ್ಲ. ನಮ್ಮ ಕಡೆ ಹೊಲದಲ್ಲಿ ನಿಂತು ಆನೆಯನ್ನು ಆನೆ ಅಂತಲೂ ಅನ್ನುತ್ತಿರಲಿಲ್ಲ, 'ದೊಡ್ಡೋರು ಬಂದವ್ರೆ' ಅನ್ನುತ್ತಿದ್ದರು. ಬೆಳಿಗ್ಗೆ ನೋಡಿದರೆ ಮೊರದಗಲ ಹೆಜ್ಜೆಗಳು, ಬಿಸಿ ಆರದ ಲದ್ದಿ. ಲದ್ದಿ ತುಳಿದರೆ ಕಾಲು ಗಟ್ಟಿಯಾಗುತ್ತದೆಂದು ನಮ್ಮನ್ನೆಲ್ಲ ಅದರ ಮೇಲೆ ನಿಲ್ಲಿಸುತ್ತಿದ್ದಳು.

"ದಸರಾ ಆನೆ ನೋಡಿಲ್ವಾ ನೀನು? ಪ್ರತಿ ವರ್ಷ ನಮ್ಮ ದಾರೀಲೇ ಮೈಸೂರಿಗೆ ಹೋಗ್ತಾವಲ್ಲ" ಎಂದೆ ಬಸ್ಸಿನಲ್ಲಿ.

"ಅಯ್ಯೋ, ಅವು ನಮ್ಮಂಗೆ ಕೆಲ್ಸಕ್ಕೋಗೋವು ಬುಡು" ಎಂದಳು. "ನನ್ ಒಲಕ್ಕೆ ಬರೋಳು ಬ್ಯಾರೆ."

ಆ ದಿನಗಳಲ್ಲಿ ನಾನು ಭೇರ್ಯದ ಕಡೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಅಧ್ಯಾಪಕರಿಗೆಂದು ನಡೆಸಿದ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ಹಕ್ಕಿಯ ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ದುರ್ಬೀನು ನೇತುಹಾಕಿಕೊಂಡು ಕೆರೆ ಏರಿಯ ಮೇಲೆ ನಿಂತರೆ, ಎಮ್ಮೆ ಮೈ ತೊಳೆಯುವವರು "ಏನ್ ಮಿಸ್ಸು, ಏನಾರಾ ಕಳ್ಕಂಡ್ರಾ?" ಅಂತ ಕೇಳುತ್ತಿದ್ದರು. ಚಳಿಗಾಲಕ್ಕೆ ಬರುವ ಬಾತುಗಳನ್ನು ಎಣಿಸಿ ನೋಟುಬುಕ್ಕಿನಲ್ಲಿ ಬರೆದುಕೊಂಡು ನನಗೆ ನಾನೇ ದೊಡ್ಡ ಪಂಡಿತೆ. ರಜೆಗೆ ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ಕುಳಿತೇ, ತಲೆ ಎತ್ತದೆ, ಅದು ಗೌಜಲಕ್ಕಿ, ಅದು ಮರಕುಟಿಗ, ಅದು ಕಾಜಾಣ ಗಿಡುಗನನ್ನು ಅಣಕಿಸುತ್ತಿರುವುದು ಎಂದು ಹೇಳಿಬಿಡುತ್ತಿದ್ದಳು. ಅಟ್ಟಣೆಯ ಮೇಲೆ ಕಳೆದ ನಸುಕುಗಳಲ್ಲಿ ಕಲಿತದ್ದು ಅದೆಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ. ಶಿಬಿರದಲ್ಲಿ ಹೇಳಿದವರ ಮಾತನ್ನು ಬರೆದುಕೊಂಡೆ, ಅವ್ವ ಹೇಳಿದ್ದನ್ನು ಒಂದು ದಿನವೂ ಬರೆದುಕೊಳ್ಳಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳನ್ನು ಸಫಾರಿಗೆ ಕರೆದುಕೊಂಡು ಹೋದೆ. ಅವ್ವ ಮದುವೆ ಮನೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟು, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಬಂದಿದ್ದಳು. ವ್ಯಾನಿನಲ್ಲಿ ನಮ್ಮ ಜೊತೆ ನಾಲ್ಕು ಜನ ಪಟ್ಟಣದವರು, ಮೊಳದುದ್ದದ ಕ್ಯಾಮೆರಾ ಹಿಡಿದವರು. ಅವ್ವನನ್ನು ಕಿಟಕಿ ಪಕ್ಕ ಕೂರಿಸಿದೆ. ಜಿಂಕೆ ಬಂದವು, ಕಾಟಿ ಬಂತು. ಅವ್ವ ಎಲ್ಲಕ್ಕೂ "ಉಂ, ಉಂ" ಅನ್ನುತ್ತಿದ್ದಳೇ ಹೊರತು ಅವಳ ಮನಸ್ಸು ಅಲ್ಲಿರಲಿಲ್ಲ.

ಒಂದು ತಿರುವು ದಾಟಿದ ಮೇಲೆ ಡ್ರೈವರು ಇಂಜಿನ್ ಆಫ್ ಮಾಡಿ ಬೆರಳು ತೋರಿಸಿದ. ದಾರಿಯ ಪಕ್ಕದಲ್ಲೇ, ನಮ್ಮ ಮನೆ ಜಗಲಿಯಿಂದ ಬಾವಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ, ಒಂದು ಹೆಣ್ಣಾನೆ, ಎರಡು ಹರೆಯದವು, ಕಾಲ ಸಂದಿಯಲ್ಲಿ ಒಂದು ಮರಿ. ಅವ್ವನ ಕಿವಿಯಲ್ಲಿ, "ನೋಡವ್ವ, ನಿಧಾನಕ್ಕೆ ನೋಡು" ಎಂದೆ. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವಳ ಮೊಮ್ಮಕ್ಕಳು ಹುಟ್ಟಿದಾಗ ಮಾತ್ರ ನೋಡಿದ್ದು.

ಅಷ್ಟರಲ್ಲಿ ಆ ಹೆಣ್ಣಾನೆ ಹುಲ್ಲಿನ ಒಂದು ಬುಡಕ್ಕೆ ಸೊಂಡಿಲು ಸುತ್ತಿ ಪರಕ್ಕನೆ ಕಿತ್ತು ಮುಂಗಾಲಿಗೆ ಬಡಿಯಿತು.

ಅವ್ವ ಎದ್ದೇಬಿಟ್ಟಳು. ಚಿತ್ರಾನ್ನದ ಡಬ್ಬಿಯನ್ನು ಕಿಟಕಿಯ ಕಂಬಿಗೆ ಧಡಧಡ ಬಡಿಯುತ್ತ, ಇಡೀ ಕಾಡಿಗೆ ಕೇಳುವ ಹಾಗೆ, "ಓಯ್! ನಡೀರಪ್ಪೋ... ನಡೀರಿ ಸ್ವಾಮಿ, ನಡೀರಿ!"

ಮರಿ ಕಿರುಚಿತು. ತಾಯಿ ಅದನ್ನು ಹೊಟ್ಟೆಯಡಿಗೆ ಒತ್ತಿಕೊಂಡು ತಿರುಗಿದ್ದೊಂದು ಕಂಡಿತು, ಆಮೇಲೆ ಲಂಟಾನದ ಪೊದೆಗಳು ಅಲ್ಲಾಡಿದ್ದು ಕಂಡಿತು. ಅಷ್ಟೇ. ಚಿತ್ರಾನ್ನವೆಲ್ಲ ಸೀಟಿನ ಮೇಲೆ. ಕ್ಯಾಮೆರಾದವರಲ್ಲಿ ಒಬ್ಬ ಹಣೆ ಚಚ್ಚಿಕೊಂಡ. ಡ್ರೈವರು, "ಏನಜ್ಜಿ ನೀನು, ಅದು ನುಗ್ಗಿದ್ರೆ ನಮ್ ಗತಿ ಏನಾಗ್ತಿತ್ತು?" ಎಂದು ಕೂಗಾಡಿದ. ಅವನು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪಿದ್ದದ್ದು ನಾನು ಅಂದದ್ದರಲ್ಲಿ. ಆ ನಾಲ್ಕು ಜನರ ಮುಂದೆ ನನಗೆ ಎಲ್ಲಿಲ್ಲದ ಅವಮಾನ. "ಒಂದು ಗಳಿಗೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಕ್ಕಾಗಲ್ವಾ ನಿಂಗೆ? ಮಾನ ಕಳೆದೆಯಲ್ಲ! ಇನ್ನೊಂದು ಸಲ ನಿನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋದ್ರೆ ಕೇಳು" ಎಂದೆ. ಜೋರಾಗಿಯೇ ಎಂದೆ.

"ಆ ಸದ್ದು ಕೇಳ್ತು ಕಣ್ ಮಗಾ. ಕೈ ತಾನೇ ಎದ್ದೋಯ್ತು" ಎಂದಳು ಅವ್ವ. ಬಗ್ಗಿ ಸೀಟಿನ ಮೇಲಿನ ಅನ್ನವನ್ನು ಡಬ್ಬಿಗೆ ಬಳಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ನನಗೊಬ್ಬಳಿಗೇ ಕೇಳುವ ಹಾಗೆ, "ಇನ್ನೂ ಸೊಂಡ್ಲು ನೋಡ್ತಿದ್ದೆ. ಮಿಕ್ಕಿದ್ದ ಆಮೇಕೆ ನೋಡಮ ಅಂತಿದ್ದೆ" ಎಂದಳು.

ವಾಪಸು ಬರುವಾಗ ಬಿದಿರ ಮೆಳೆಯ ಕಡೆಯಿಂದ ಗಿಡುಗನ ಕೂಗು ಕೇಳಿಸಿತು. ಕ್ಯಾಮೆರಾದವರು ವ್ಯಾನು ನಿಲ್ಲಿಸಿ, ಆಕಾಶವನ್ನೆಲ್ಲ ಹುಡುಕಿ, ಪುಸ್ತಕ ತೆಗೆದು ತಮ್ಮತಮ್ಮಲ್ಲೇ ವಾದ ಮಾಡಿದರು. ಅದು ಗಿಡುಗನಲ್ಲ, ಕಾಜಾಣ ಎಂದು ಅವ್ವನಿಗೆ ಗೊತ್ತಿತ್ತು. ಅವಳಿಗೆ ಗೊತ್ತು ಎಂದು ನನಗೂ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ನಾನೂ ಹೇಳು ಎನ್ನಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತಿದ್ದವಳು ನಾನೇ. ಮರುವರ್ಷ ಮತ್ತೆ ಕರೆದೆ. "ಬ್ಯಾಡ ಬುಡು. ನನ್ ಬಾಯಿ ನನ್ ಮಾತು ಕೇಳಕಿಲ್ಲ. ಜನುಕ್ಕೆಲ್ಲ ತೊಂದ್ರೆ" ಎಂದಳು. ಅದರ ಮುಂದಿನ ವರ್ಷವೂ ಅದೇ ಮಾತು. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವಳು ನಿಜವಾಗಿಯೇ ಹಾಗೆ ನಂಬಿದ್ದಳು, ಅದನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು. ತಪ್ಪಾಯಿತು ಎನ್ನಲು ನಾಲ್ಕಾರು ಸಲ ಬಾಯಿ ತೆರೆದೆ. ಪ್ರತಿ ಸಲವೂ, ಔಷಧಿ ಬಿಟ್ಕೊಂಡೆಯಾ ಅಂತ ಕೇಳಿ ಮುಗಿಸಿದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗುವ ಹೊತ್ತಿಗೆ ಅವಳ ಕಣ್ಣು ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ನೇರ ಎದುರಿಗಿದ್ದದ್ದು ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತಿತ್ತು, ಅದರಾಚೆಗೆ ಏನೂ ಇಲ್ಲ. ಹೊಸಿಲು ಎಡವುತ್ತಿದ್ದಳು, ಪಕ್ಕದಲ್ಲಿ ನಿಂತ ನನ್ನನ್ನೇ ಎಲ್ಲಿದ್ದೀ ಅಂತ ಕರೆಯುತ್ತಿದ್ದಳು. ಆ ಬೇಸಿಗೆಯಲ್ಲಿ ನನ್ನ ತಂಗಿಯನ್ನು ನೋಡಿಕೊಂಡು ಬರೋಣ ಎಂದು ಅವಳನ್ನು ಎಚ್.ಡಿ. ಕೋಟೆಯ ಕಡೆಗೆ ಹೊರಡಿಸಿದೆ. ತಂಗಿಯ ಊರು ಕಬಿನಿ ಹಿನ್ನೀರಿನ ದಡದಲ್ಲಿ. ಏಪ್ರಿಲ್ ಬಂತೆಂದರೆ ನೀರು ಹಿಂದೆ ಸರಿದು, ಮುಳುಗಿದ್ದ ನೆಲವೆಲ್ಲ ಹುಲ್ಲಾಗುತ್ತದೆ. ಆಚೆ ದಡದ ಕಾಡಿನಿಂದ ಆನೆಗಳು ಸಂಜೆ ಬಿಸಿಲಿರುವಾಗಲೇ ಆ ಹುಲ್ಲಿಗೆ ಇಳಿಯುತ್ತವೆ. ನಾನು ಅವ್ವನಿಗೆ ಅದನ್ನು ಹೇಳಿರಲಿಲ್ಲ.

ಸಂಜೆ ದಡಕ್ಕೆ ಕರೆದುಕೊಂಡು ಹೋದೆ. ಆಚೆ ದಡದಲ್ಲಿ ಆನೆಗಳು ನಿಂತಿದ್ದವು, ಒಂದಲ್ಲ, ನಲವತ್ತು ಐವತ್ತು. "ಅವ್ವ, ನೋಡು, ಎದುರಿಗೆ!"

"ಎಲ್ಲವ್ವ? ನೀರು ಒಳೀತಾ ಐತೆ."

ಅವಳ ಗಲ್ಲ ಹಿಡಿದು ಮುಖ ತಿರುಗಿಸಿದೆ. ಕಾಣಲಿಲ್ಲ. ನನ್ನ ದುರ್ಬೀನು ಕಣ್ಣಿಗೆ ಹಿಡಿದೆ. ಅದು ಅವಳ ಕೈಯಲ್ಲಿ ನಿಲ್ಲದೆ ಒಂದು ಸಲ ಆಕಾಶ, ಒಂದು ಸಲ ನೆಲ. "ಸರಿಯಾಗಿ ಹಿಡ್ಕೋ" ಎಂದು ಗದರಲು ಹೊರಟವಳು ನಾಲಿಗೆ ಕಚ್ಚಿಕೊಂಡೆ. ಆಗ ಅವಳೇ ಸಮಾಧಾನ ಹೇಳಿದಳು. "ಓಗ್ಲಿ ಬುಡು ಮಗಾ. ಅವೆ ಅಂತ ಏಳುದ್ಯಲ್ಲ, ಸಾಕು."

ಸಾಕು ಅನ್ನಿಸಿಕೊಳ್ಳಲು ನಾನು ಅಷ್ಟು ದೂರ ಬಂದಿರಲಿಲ್ಲ. ಸ್ವಲ್ಪ ಆಚೆ ತಲೆ ನರೆತ ಒಬ್ಬರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೆಲಿಸ್ಕೋಪು ಇಟ್ಟುಕೊಂಡು ನೀರಂಚಿನ ಕೊಕ್ಕರೆಗಳನ್ನು ನೋಡುತ್ತಿದ್ದರು. ಗುರುತಿಲ್ಲ, ಪರಿಚಯವಿಲ್ಲ, ಹೋಗಿ ಕೈಮುಗಿದೆ. "ನಮ್ಮ ತಾಯಿಗೆ ಕಣ್ಣು ಹೋಗ್ತಾ ಇದೆ. ಆನೆ ನೋಡಬೇಕಂತೆ." ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ಟ್ಯಾಂಡಿನ ಕಾಲು ಕುಗ್ಗಿಸಿ, ಟವೆಲ್ ಹಾಸಿ, "ಬನ್ನಿ ತಾಯಿ, ಕೂತ್ಕೊಳ್ಳಿ" ಎಂದರು. ತಾವೇ ಆನೆಯ ಕಡೆ ಹೊಂದಿಸಿ, ಅಲ್ಲಾಡದ ಹಾಗೆ ಹಿಡಿದುಕೊಂಡರು.

ಅವ್ವ ಬಗ್ಗುವ ಮುಂಚೆ ಅವಳ ಭುಜ ಹಿಡಿದೆ. "ಅವ್ವ, ಈ ಸಲ ನಿಂಗೆ ಎಷ್ಟು ಬೇಕೋ ಅಷ್ಟು ಕೂಗು. ನಾನೇನೂ ಅನ್ನಲ್ಲ. ಆವತ್ತು ವ್ಯಾನಲ್ಲಿ ಅಂದಿದ್ದು ತಪ್ಪಾಯ್ತು ಕಣವ್ವ."

"ಸುಮ್ಕಿರು" ಎಂದಳು. ಅವಳ ಕಣ್ಣು ಆಗಲೇ ಗಾಜಿನ ಮೇಲಿತ್ತು. "ಕಾಣ್ತಾ ಐತೆ."

ಅವಳಿಗೆ ಉಳಿದಿದ್ದ ಆ ಕೊಳವೆಯಷ್ಟು ನೋಟಕ್ಕೆ ಆ ಟೆಲಿಸ್ಕೋಪು ಸರಿಯಾಗಿ ಒಗ್ಗಿತ್ತು. ಅವಸರವಿಲ್ಲದೆ, ತಲೆಯನ್ನು ಕೂದಲೆಳೆಯಷ್ಟೇ ಅತ್ತಿತ್ತ ಸರಿಸುತ್ತ, ಒಂದೊಂದನ್ನೇ ಹೇಳತೊಡಗಿದಳು. "ಸೊಂಡ್ಲು. ಕಿವಿ, ತುದೀಲಿ ಅರ್ದೋಗೈತೆ. ಒಟ್ಟೆ... ಅಯ್ಯೋ, ಎಷ್ಟ್ ಅಗ್ಲ! ಇಂದ್ಲ ಕಾಲು. ಬಾಲ. ಕೆಳ್ಗೆ ಮರಿ ಐತೆ, ಆಲು ಕುಡೀತಾ ಐತೆ." ಟೆಲಿಸ್ಕೋಪಿನವರು ಮುಖ ಆಚೆ ತಿರುಗಿಸಿಕೊಂಡರು. ನಾನು ಅಳುತ್ತಿದ್ದೆ, ಮುಚ್ಚಿಟ್ಟುಕೊಳ್ಳಲಿಲ್ಲ.

ಬಿಸಿಲು ಕೆಂಪಾಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ. ಕೂಗುತ್ತಾಳೆಂದೇ ನಾನು ಕಾಯುತ್ತಿದ್ದೆ. ಕೂಗಲಿ ಎಂದೂ ಅನ್ನಿಸುತ್ತಿತ್ತು. ಅವಳ ತುಟಿ ಅಲ್ಲಾಡಿತು. ಏನೆನ್ನುತ್ತಾಳೆಂದು ಕಿವಿ ಹತ್ತಿರ ತಂದೆ.

"ತಿನ್ನವ್ವ" ಎನ್ನುತ್ತಿದ್ದಳು ಅವ್ವ, ಮಗುವಿಗೆ ಹೇಳುವ ಹಾಗೆ. "ನಿಧಾನ್ಕೆ ತಿನ್ನು. ಇಲ್ಲಿ ಯಾರೂ ಓಡ್ಸಕಿಲ್ಲ."